ಅಡುಗೆಮನೆಯ ಕದ ಯಾರು ತೆರೆಯಬೇಕು?



ಬೆಳಗಿನ ಹೊತ್ತು. ಹೋಟೆಲೊಂದರ ಅಡುಗೆಮನೆ. ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಿದ್ದಾರೆ. ಆವಿ ಮೇಲೇಳುತ್ತಿದೆ. ಒಳಗೆ ಒಂದರ ಮೇಲೊಂದು ತಟ್ಟೆಗಳು. ತಟ್ಟೆಯ ಗುಳಿಗಳ ಮೇಲೆ ಒಂದು ಹಾಸು, ಅದರ ಮೇಲೆ ಹಿಟ್ಟು. ಆ ಹಾಸು ಹತ್ತಿಬಟ್ಟೆಯದಾಗಿರಬಹುದು, ತೆಳು ಪ್ಲಾಸ್ಟಿಕ್ಕಿನದೂ ಆಗಿರಬಹುದು. ಇಡ್ಲಿ ನಿಮ್ಮ ಮೇಜಿಗೆ ಬರುತ್ತದೆ, ಹಾಸು ಒಳಗೇ ಉಳಿಯುತ್ತದೆ. ಯಾವುದರ ಮೇಲೆ ಬೆಂದ ಇಡ್ಲಿ ಎಂದು ತಿಂದು ಹೇಳುವ ನಾಲಿಗೆ ಇನ್ನೂ ಹುಟ್ಟಿಲ್ಲ.

2025ರ ಫೆಬ್ರವರಿಯಲ್ಲಿ ಈ ಹಾಸು ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾಯಿತು. ಆರೋಗ್ಯ ಇಲಾಖೆಯವರು ರಾಜ್ಯದಲ್ಲಿ ಸುಮಾರು 250 ಕಡೆ ಹೋಗಿ ನೋಡಿದರು. ಅವುಗಳಲ್ಲಿ 50ರಷ್ಟು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಇತ್ತು. ಅಂದರೆ ಐದಕ್ಕೆ ಒಂದು. ಬಿಸಿ ತಾಗಿದ ಪ್ಲಾಸ್ಟಿಕ್ಕಿನಿಂದ ಬೇಡದ ರಾಸಾಯನಿಕಗಳು ಇಡ್ಲಿಗೆ ಇಳಿಯಬಹುದು ಎಂದು ಇಲಾಖೆ ಎಚ್ಚರಿಸಿತು. ಸರ್ಕಾರ ಪ್ಲಾಸ್ಟಿಕ್ ಹಾಳೆ ಬಳಸಬಾರದು ಎಂದಿತು.

ಆಗ ಹಳೆಯ ಒಂದು ವಾದ ಮತ್ತೆ ಎದ್ದಿತು. ಹೋಟೆಲಿನ ಅಡುಗೆಮನೆ ಚೊಕ್ಕವಾಗಿರುವಂತೆ ನೋಡಿಕೊಳ್ಳುವುದು ಯಾರ ಕೆಲಸ? ಒಬ್ಬರು ಹೇಳುತ್ತಾರೆ: ಅದು ಸರ್ಕಾರದ ಕೆಲಸ. ಕಾನೂನು ಬೇಕು, ಅಧಿಕಾರಿ ಬೇಕು, ದಂಡ ಬೇಕು. ಇನ್ನೊಬ್ಬರು ಹೇಳುತ್ತಾರೆ: ಸರ್ಕಾರಕ್ಕೆ ಇಲ್ಲೇನು ಕೆಲಸ? ಕೊಳಕು ಹೋಟೆಲಿಗೆ ಜನ ಹೋಗುವುದಿಲ್ಲ. ಮಾಲೀಕ ತಾನಾಗಿ ಸರಿಹೋಗುತ್ತಾನೆ, ಇಲ್ಲವೇ ಬಾಗಿಲು ಹಾಕುತ್ತಾನೆ. ಇಂದಿನ ಮಾತು ಈ ಇಬ್ಬರ ಜಗಳದ ಬಗ್ಗೆ. ಇಬ್ಬರಲ್ಲೂ ಅರ್ಧ ಸತ್ಯವಿದೆ. ಯಾವ ಅರ್ಧ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಮಾರುಕಟ್ಟೆಯ ಪರ ಇರುವವರ ಮಾತು ಕೇಳೋಣ. ಅವರ ಬಳಿ ಒಳ್ಳೆಯ ಸಾಕ್ಷಿಗಳಿವೆ. ದೂರ ಹೋಗುವುದೇ ಬೇಡ, ಬೆಂಗಳೂರಿನ ಲಾಲ್‌ಬಾಗ್ ರಸ್ತೆಗೆ ಹೋದರೆ ಸಾಕು.

ಮಾವಳ್ಳಿ ಟಿಫಿನ್ ರೂಮ್ಸ್, ನಾವೆಲ್ಲ ಎಂಟಿಆರ್ ಎನ್ನುವ ಹೋಟೆಲು, 1924ರಲ್ಲಿ ಶುರುವಾಯಿತು. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು ಅದನ್ನು ಕಟ್ಟಿದವರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿಬಂದರು. ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು ಅವರ ಮನಸ್ಸಿಗೆ ಹಿಡಿಯಿತು. ಊರಿಗೆ ಮರಳಿದ ಮೇಲೆ ಎರಡು ಕೆಲಸ ಮಾಡಿದರು. ತಟ್ಟೆ ಲೋಟಗಳನ್ನು ಆವಿಯಲ್ಲಿ ಶುದ್ಧಿ ಮಾಡುವ ಏರ್ಪಾಟು ತಂದರು. ಜೊತೆಗೆ, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದು ಎಂದು ಕದ ತೆರೆದಿಟ್ಟರು. ಬನ್ನಿ, ನೋಡಿ, ಆಮೇಲೆ ಊಟಕ್ಕೆ ಕೂರಿ ಎಂದರು. ಹೀಗೆ ಮಾಡು ಎಂದು ಯಾವ ಕಾನೂನೂ ಅವರಿಗೆ ಹೇಳಿರಲಿಲ್ಲ. ಇದರಿಂದ ಹೋಟೆಲಿನ ಹೆಸರು ಬೆಳೆಯಿತು, ವ್ಯಾಪಾರವೂ ಬೆಳೆಯಿತು.

ಇನ್ನೊಂದು ಸಾಕ್ಷಿ. ಉಡುಪಿ ಹೋಟೆಲು ಎಂಬ ಹೆಸರು ಮುಂಬಯಿಗೂ ಚೆನ್ನೈಗೂ ಹೋಗಿ ನಿಂತಿದೆ. ಕನ್ನಡದ ಒಂದು ಅಕ್ಷರ ಬಾರದವರೂ ಆ ಬೋರ್ಡು ನೋಡಿ ಒಳಗೆ ಹೋಗುತ್ತಾರೆ. ಆ ನಂಬಿಕೆ ಸರ್ಕಾರಿ ಸರ್ಟಿಫಿಕೇಟಿನಿಂದ ಬಂದದ್ದಲ್ಲ. ಮಡಿಯಾಗಿ ಮಾಡಿ ಬಿಸಿಯಾಗಿ ಬಡಿಸಿದ ಹತ್ತಾರು ವರ್ಷಗಳ ದುಡಿಮೆಯಿಂದ ಬಂದದ್ದು.

ಆಮೇಲೆ ದರ್ಶಿನಿಗಳು ಬಂದವು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮೊದಲಾದ ಪದ್ಧತಿ ಅದು. ಟೋಕನ್ ತೆಗೆದುಕೊಳ್ಳಿ, ಕೌಂಟರಿನಲ್ಲಿ ಕೊಡಿ, ನಿಂತು ತಿನ್ನಿ. ದೋಸೆ ಕಾವಲಿ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಹಿಟ್ಟು ಹುಯ್ಯುವ ಕೈ ಕಾಣುತ್ತದೆ, ಕಾವಲಿ ಒರೆಸುವ ಪೊರಕೆ ಕಾಣುತ್ತದೆ. ಹತ್ತು ಜನ ನೋಡುತ್ತಿದ್ದಾರೆ ಎಂದಾಗ ಕೈಗಳು ತಾವಾಗಿ ಚೊಕ್ಕವಾಗುತ್ತವೆ.

ಹಾಗಾದರೆ ಮಾರುಕಟ್ಟೆಯವರ ಮಾತು ಇಷ್ಟು. ಒಳ್ಳೆಯ ಹೆಸರಿಗೆ ಬೆಲೆ ಇದೆ, ಆ ಹೆಸರು ಉಳಿಸಿಕೊಳ್ಳಲು ಮಾಲೀಕ ತಾನೇ ಒದ್ದಾಡುತ್ತಾನೆ. ಮಾತು ಸುಳ್ಳಲ್ಲ. ಆದರೆ ಒಂದು ವಿಷಯ ಗಮನಿಸಿ. ಎಂಟಿಆರ್‌ನಲ್ಲೂ ದರ್ಶಿನಿಯಲ್ಲೂ ಗಿರಾಕಿಗೆ ಏನೋ ಕಾಣುತ್ತಿತ್ತು. ಕಂಡದ್ದರಿಂದ ಅವನು ಆಯ್ಕೆ ಮಾಡಿದ. ಕಾಣದೇ ಇದ್ದಾಗ ಏನಾಗುತ್ತದೆ? ಈಗ ಅಲ್ಲಿಗೆ ಬರೋಣ.

ಮತ್ತೆ ಇಡ್ಲಿ ತಟ್ಟೆಯ ಹಾಸನ್ನೇ ತೆಗೆದುಕೊಳ್ಳಿ. ಬಟ್ಟೆಗೆ ಕೆಲಸ ಹೆಚ್ಚು. ಒಂದು ಸುತ್ತು ಇಡ್ಲಿ ಇಳಿಸಿದ ಮೇಲೆ ಬಟ್ಟೆಗೆ ಹಿಟ್ಟು ಅಂಟಿರುತ್ತದೆ. ಅದನ್ನು ನೆನೆಹಾಕಬೇಕು, ಉಜ್ಜಬೇಕು, ಬಿಸಿನೀರಿನಲ್ಲಿ ಕುದಿಸಬೇಕು, ಬಿಸಿಲಿಗೆ ಹರವಬೇಕು. ಮಳೆಗಾಲದಲ್ಲಿ ಸರಿಯಾಗಿ ಒಣಗದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಕೆಲವು ವಾರಕ್ಕೆ ಬಟ್ಟೆ ಹರಿಯುತ್ತದೆ, ಹೊಸದು ತರಬೇಕು. ಪ್ಲಾಸ್ಟಿಕ್ಕಿಗೆ ಈ ತಾಪತ್ರಯವೇ ಇಲ್ಲ. ಎಳೆದರೆ ಇಡ್ಲಿ ಬಿಡುತ್ತದೆ, ಎಸೆದರೆ ಕೆಲಸ ಮುಗಿಯಿತು.

ಈಗ ಒಂದೇ ರಸ್ತೆಯಲ್ಲಿ ಎದುರುಬದುರು ಎರಡು ಹೋಟೆಲು ಇವೆ ಎಂದುಕೊಳ್ಳಿ. ಒಬ್ಬರದು ಬಟ್ಟೆ, ಇನ್ನೊಬ್ಬರದು ಪ್ಲಾಸ್ಟಿಕ್. ಬಟ್ಟೆಯವರಿಗೆ ಒಂದು ಆಳಿನ ಕೂಲಿ ಹೆಚ್ಚು ಬೀಳುತ್ತದೆ. ಇಡ್ಲಿ ನೋಡಲು ಒಂದೇ, ರುಚಿ ಒಂದೇ. ಗಿರಾಕಿ ಹೆಚ್ಚಿಗೆ ಎರಡು ರೂಪಾಯಿ ಯಾಕೆ ಕೊಟ್ಟಾನು? ಅವನಿಗೆ ವ್ಯತ್ಯಾಸವೇ ಗೊತ್ತಿಲ್ಲ. ಹಾಗಾಗಿ ನಷ್ಟ ಬಟ್ಟೆಯವರಿಗೆ. ಸ್ವಲ್ಪ ದಿನ ತಡೆದುಕೊಳ್ಳುತ್ತಾರೆ. ಆಮೇಲೆ ಅವರೂ ಪ್ಲಾಸ್ಟಿಕ್ಕಿಗೆ ಬರುತ್ತಾರೆ. ಇಲ್ಲಿ ಪೈಪೋಟಿ ಇದೆ. ಆದರೆ ಅದು ಒಳ್ಳೆಯವರನ್ನು ಮೇಲೆತ್ತುತ್ತಿಲ್ಲ, ಕೆಳಗೆ ಎಳೆಯುತ್ತಿದೆ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ವ್ಯಾಪಾರ ನೋಡಿ ಇದನ್ನೇ ತೋರಿಸಿಕೊಟ್ಟರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಸರಕು ಮಾರುಕಟ್ಟೆಯಿಂದ ಜಾಗ ಖಾಲಿ ಮಾಡುತ್ತದೆ. ಆ ಕೆಲಸಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಪಾಲು ಬಂತು.

ತಿಂದ ಮೇಲಾದರೂ ಗೊತ್ತಾಗುತ್ತದೆಯೇ? ಸಾರು ಉಪ್ಪಾಗಿದ್ದರೆ ಕೂಡಲೇ ಗೊತ್ತಾಗುತ್ತದೆ, ನಾಳೆ ಆ ಹೋಟೆಲಿಗೆ ಹೋಗುವುದಿಲ್ಲ. ರೋಗ ಹಾಗಲ್ಲ. ಕೆಲವು ವಿಷಗಳು ಎರಡು ಮೂರು ಗಂಟೆಯಲ್ಲಿ ವಾಂತಿ ತರಿಸುತ್ತವೆ, ನಿಜ. ಸಾಲ್ಮೊನೆಲ್ಲಾ ಒಂದೆರಡು ದಿನ ತೆಗೆದುಕೊಳ್ಳಬಹುದು. ಟೈಫಾಯ್ಡ್ ತೋರಿಕೊಳ್ಳಲು ಒಂದೆರಡು ವಾರ ಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗೆ ಸುಮಾರು ನಾಲ್ಕು ವಾರ. ನಾಲ್ಕು ವಾರದ ಹಿಂದೆ ಎಲ್ಲಿ ಏನು ಕುಡಿದಿರಿ, ನೆನಪಿದೆಯೇ? ಮದುವೆಮನೆಯ ಪಾನಕವೋ, ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲೋ? ದೂರುವುದು ಯಾರನ್ನು? ತಪ್ಪಿತಸ್ಥ ಯಾರೆಂದು ಗೊತ್ತಾಗದಿದ್ದರೆ ಮಾರುಕಟ್ಟೆ ಯಾರಿಗೆ ಶಿಕ್ಷೆ ಕೊಟ್ಟೀತು?

ಇನ್ನೊಂದು ತೊಡಕಿದೆ. ಹೆಸರಿನ ಭಯ ಇರುವುದು ಗಿರಾಕಿ ಮತ್ತೆ ಬರುವ ಕಡೆ. ಓಣಿಯ ಹೋಟೆಲಿನವರು ನಿಮ್ಮನ್ನು ನಾಳೆಯೂ ನೋಡಬೇಕು. ಹೆದ್ದಾರಿಯ ಪಕ್ಕ ರಾತ್ರಿ ಬಸ್ಸು ನಿಲ್ಲುವ ಹೋಟೆಲಿನವರು ನಿಮ್ಮನ್ನು ಮತ್ತೆ ನೋಡುವುದು ಅನುಮಾನ. ನಿಮಗೂ ಬೇರೆ ದಾರಿ ಇರುವುದಿಲ್ಲ, ಡ್ರೈವರ್ ನಿಲ್ಲಿಸಿದ್ದೇ ಹೋಟೆಲು. ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿ ಮನೆಗೆ ತರಿಸುವ ಊಟವಂತೂ ಇನ್ನೂ ದೂರ. ಅಡುಗೆಮನೆ ಯಾವ ಬೀದಿಯಲ್ಲಿದೆ ಎಂಬುದೇ ಗೊತ್ತಿಲ್ಲ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒತ್ತಾಯ ಮಾಡಿದ ಮೇಲೆ ಹೀಗೆ ಊಟ ತಲುಪಿಸುವ ಕಂಪನಿಗಳು ತಮ್ಮ ಪಟ್ಟಿಯಿಂದ 10 ಸಾವಿರಕ್ಕೂ ಹೆಚ್ಚು ಹೋಟೆಲುಗಳನ್ನು ತೆಗೆದುಹಾಕಿದವು. ಅವುಗಳ ಬಳಿ ಲೈಸೆನ್ಸೇ ಇರಲಿಲ್ಲ. ಅಲ್ಲಿಯವರೆಗೆ ಗಿರಾಕಿಗಳು ಅವುಗಳಿಗೂ ನಕ್ಷತ್ರ ಕೊಟ್ಟುಕೊಂಡೇ ಬಂದಿದ್ದರು. ನಕ್ಷತ್ರ ರುಚಿಗೆ ಸಿಗುತ್ತದೆ, ಬೇಗ ತಂದುಕೊಟ್ಟಿದ್ದಕ್ಕೆ ಸಿಗುತ್ತದೆ. ಪಾತ್ರೆ ತೊಳೆದ ನೀರಿಗೆ ಸಿಗುವುದಿಲ್ಲ.

ಕಡೆಗೆ, ಮಾರುವವನಿಗೇ ಗೊತ್ತಿಲ್ಲದ ಸಂದರ್ಭವೂ ಇದೆ. ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. ಶ್ರೀಮಂತರ ಮನೆಗಳಲ್ಲಿ ಕೆಲಸ, ಕೈರುಚಿ ಚೆನ್ನಾಗಿತ್ತು. ಅವಳ ಮೈಯಲ್ಲಿ ಟೈಫಾಯ್ಡ್ ರೋಗಾಣು ಇತ್ತು. ಅವಳಿಗೆ ಮಾತ್ರ ರೋಗದ ಯಾವ ಲಕ್ಷಣವೂ ಇರಲಿಲ್ಲ. ಕೆಲಸ ಮಾಡಿದ ಮನೆಗಳಲ್ಲಿ ಜನ ಮಲಗುತ್ತಾ ಹೋದರು. 1907ರಲ್ಲಿ ಅಧಿಕಾರಿಗಳು ಪತ್ತೆಹಚ್ಚಿ ಬೇರೆ ಇರಿಸಿದರು. ಇನ್ನು ಅಡುಗೆ ಮಾಡುವುದಿಲ್ಲ ಎಂಬ ಮಾತು ಪಡೆದು 1910ರಲ್ಲಿ ಬಿಟ್ಟರು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸುಮಾರು 25 ಜನ ಟೈಫಾಯ್ಡಿನಿಂದ ಬಿದ್ದರು. ಹೋಗಿ ನೋಡಿದರೆ ಅಲ್ಲಿನ ಅಡುಗೆಮನೆಯಲ್ಲಿ ಮೇರಿ, ಬೇರೆ ಹೆಸರಿನಲ್ಲಿ. ತಾನು ರೋಗ ಹರಡುತ್ತೇನೆ ಎಂದು ಅವಳು ನಂಬಿರಲೇ ಇಲ್ಲ. ಇಂಥದನ್ನು ಪೈಪೋಟಿ ಪತ್ತೆ ಮಾಡುವುದಿಲ್ಲ. ಮಲ ರಕ್ತ ಪರೀಕ್ಷೆ ಮಾತ್ರ ಪತ್ತೆ ಮಾಡುತ್ತದೆ. ಇವತ್ತು ನಮ್ಮ ಕಾನೂನು ಹೋಟೆಲು ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎನ್ನುವುದು ಇದಕ್ಕಾಗಿ.

ಇಲ್ಲಿಯವರೆಗಿನ ಮಾತನ್ನು ಒಟ್ಟು ಮಾಡುತ್ತೇನೆ. ಗಿರಾಕಿಗೆ ಅಡುಗೆಮನೆ ಕಾಣುವುದಿಲ್ಲ. ಕಾಯಿಲೆ ಬಂದರೂ ಯಾರಿಂದ ಬಂತು ಎಂದು ತಿಳಿಯುವುದಿಲ್ಲ. ಎಷ್ಟೋ ಕಡೆ ಅವನು ಎರಡನೇ ಸಲ ಹೋಗುವುದಿಲ್ಲ. ಆದ್ದರಿಂದ ಮಾರುಕಟ್ಟೆ ಒಂದನ್ನೇ ನಂಬಿ ಕೂರುವಂತಿಲ್ಲ. ಹಾಗಾದರೆ ಸರ್ಕಾರವನ್ನು ನಂಬೋಣವೇ? ಸರ್ಕಾರ ಎಡವುವ ರೀತಿಯನ್ನೂ ನೋಡೋಣ.

ಮತ್ತೆ ಎಂಟಿಆರ್‌ಗೇ ಬರುತ್ತೇನೆ. 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲು ತಿಂಡಿಗಳನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕು ಎಂದು ಸರ್ಕಾರ ಕಟ್ಟು ಮಾಡಿತು. ಉದ್ದೇಶ ಒಳ್ಳೆಯದೇ, ಬಡವರಿಗೂ ತಿಂಡಿ ಸಿಗಲಿ ಎಂದು. ಆದರೆ ಆ ಬೆಲೆಗೆ ಒಳ್ಳೆಯ ತುಪ್ಪ ಹಾಕಲು ಆಗುವುದಿಲ್ಲ. ಗುಣಮಟ್ಟ ಇಳಿಸುವ ಬದಲು ಎಂಟಿಆರ್ ಹೋಟೆಲನ್ನೇ ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಪಕ್ಕದಲ್ಲೇ ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಪುಡಿ ಮಾರಲು ಶುರು ಮಾಡಿತು. ಆ ಪುಡಿಗಳು ಮುಂದೆ ಕಡಲಾಚೆಗೂ ಹೋದವು, ಅದು ಬೇರೆ ಕಥೆ. ನಮಗೆ ಬೇಕಾದ ಮಾತು ಇಷ್ಟು. ತಾನಾಗಿ ಅಡುಗೆಮನೆಯ ಕದ ತೆರೆದಿಟ್ಟಿದ್ದ ಹೋಟೆಲನ್ನು ಸರ್ಕಾರದ ಕಟ್ಟಳೆ ಬಾಗಿಲು ಹಾಕಿಸಿತು.

ಎಲ್ಲಿ ತಪ್ಪಿತು? ಬೆಲೆ ಬೋರ್ಡಿನ ಮೇಲೆ ಬರೆದಿರುತ್ತದೆ. ದುಬಾರಿ ಎನಿಸಿದರೆ ಗಿರಾಕಿ ಎದ್ದು ಪಕ್ಕದ ಹೋಟೆಲಿಗೆ ಹೋಗಬಲ್ಲ. ಅಲ್ಲಿ ಅವನಿಗೆ ಕಣ್ಣಿದೆ, ಕಾಲಿದೆ. ಸರ್ಕಾರ ಅವನಿಗೆ ಕಾಣುವುದರಲ್ಲಿ ಕೈ ಹಾಕಿತು. ಅವನಿಗೆ ಕಾಣದೇ ಇರುವುದರಲ್ಲಿ ಕೈ ಹಾಕಬೇಕಿತ್ತು. ಈ ಗೆರೆ ನಮಗೆ ಮುಖ್ಯ.

ಸರಿ, ಕಾಣದೇ ಇರುವುದನ್ನು ನೋಡಲು ಅಧಿಕಾರಿಯನ್ನು ಕಳಿಸಿದರೆ ಸಾಕೇ? ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಥೆ ಕೇಳಿ. 2005ರಲ್ಲಿ ದಕ್ಷಿಣ ವೇಲ್ಸ್‌ನ ಶಾಲೆಗಳಲ್ಲಿ ಮಕ್ಕಳು ಕಾಯಿಲೆ ಬಿದ್ದರು. ಕಾರಣ ಇ. ಕೋಲಿ ಎಂಬ ರೋಗಾಣುವಿನ ಒಂದು ಕ್ರೂರ ತಳಿ. 150ಕ್ಕೂ ಹೆಚ್ಚು ಜನ ಮಲಗಿದರು, ಐದು ವರ್ಷದ ಒಬ್ಬ ಹುಡುಗ ಸತ್ತ. ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಶಾಲೆಯ ಊಟಕ್ಕೆ ಬೇಯಿಸಿದ ಮಾಂಸ ಒದಗಿಸುತ್ತಿದ್ದ ಒಬ್ಬ ವ್ಯಾಪಾರಿ. ಅವನ ಅಂಗಡಿಯಲ್ಲಿ ಗಾಳಿ ತೆಗೆದು ಪೊಟ್ಟಣ ಕಟ್ಟುವ ಒಂದು ಯಂತ್ರ ಇತ್ತು. ಹಸಿ ಮಾಂಸಕ್ಕೂ ಅದೇ, ಬೆಂದ ಮಾಂಸಕ್ಕೂ ಅದೇ. ಹಸಿಯದರ ರೋಗಾಣು ಬೆಂದದ್ದಕ್ಕೆ ದಾಟಿತು.

ಅಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಅಧಿಕಾರಿಗಳು ಬರುತ್ತಿರಲಿಲ್ಲವೇ? ಬರುತ್ತಿದ್ದರು. ಕಾಗದಪತ್ರ ನೋಡಿ ಹೋಗುತ್ತಿದ್ದರು. ವ್ಯಾಪಾರಿ ಹೇಳಿದ್ದನ್ನು ನಂಬುತ್ತಿದ್ದರು. ಆಮೇಲೆ ವಿಚಾರಣೆ ನಡೆಸಿದ ಪ್ರೊಫೆಸರ್ ಹ್ಯೂ ಪೆನಿಂಗ್ಟನ್ 2009ರ ವರದಿಯಲ್ಲಿ ಖಡಾಖಂಡಿತವಾಗಿ ಹೇಳಿದರು: ತಪಾಸಣೆಗೆ ಹೇಳಿ ಹೋಗಬೇಡಿ. ಮುಂಚೆ ತಿಳಿಸಿ ಹೋಗುವ ತಪಾಸಣೆ ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ನಡೆಸಿದ ಪರೀಕ್ಷೆಯಿದ್ದಂತೆ. ಎಲ್ಲರೂ ಪಾಸು, ಯಾರಿಗೂ ಪಾಠ ಬಂದಿರುವುದಿಲ್ಲ.

ಆ ಮಕ್ಕಳನ್ನು ಇನ್ನೊಮ್ಮೆ ನೆನೆಯಿರಿ. ಅವರಿಗೆ ಆಯ್ಕೆ ಇರಲಿಲ್ಲ. ಮಾಂಸ ಎಲ್ಲಿಂದ ಬಂತು ಎಂದು ಕೇಳುವಂತಿರಲಿಲ್ಲ. ಮಾರುಕಟ್ಟೆ ಅವರನ್ನು ಕಾಯಲಿಲ್ಲ. ಸರ್ಕಾರ ಕಾಯಬೇಕಿತ್ತು, ಅದೂ ಕಾಯಲಿಲ್ಲ.

ನಮ್ಮಲ್ಲಿ ಇನ್ನೊಂದು ರೋಗವಿದೆ, ಅದನ್ನು ಮುಚ್ಚಿಡುವುದು ಬೇಡ. ಅಧಿಕಾರಿ ಬರುತ್ತಾರೆ, ಗಲ್ಲಾದ ಹತ್ತಿರವೇ ಕೂರುತ್ತಾರೆ. ಕಾಫಿ ಬರುತ್ತದೆ. ಮಾಮೂಲಿ ಕವರು ಬರುತ್ತದೆ. ಅಡುಗೆಮನೆ ಹಿಂದೆಯೇ ಉಳಿಯುತ್ತದೆ. ಎಲ್ಲ ಅಧಿಕಾರಿಗಳೂ ಹೀಗಲ್ಲ. ಪ್ರಾಮಾಣಿಕರು ಇದ್ದಾರೆ, ಅವರ ಮೇಲೆ ತಾಲ್ಲೂಕಿನಷ್ಟು ಭಾರ ಇದೆ. ಹೋಟೆಲು, ಬೇಕರಿ, ಹಾಲಿನ ಡೈರಿ, ಹಾಸ್ಟೆಲು, ಕಲ್ಯಾಣ ಮಂಟಪ, ಜಾತ್ರೆ, ಎಲ್ಲವನ್ನೂ ಒಬ್ಬರೇ ನೋಡಬೇಕು. ವರ್ಷಕ್ಕೊಮ್ಮೆ ಬಂದರೆ ದೊಡ್ಡದು. ಉಳಿದ 364 ದಿನ ಅಡುಗೆಮನೆ ತನ್ನಷ್ಟಕ್ಕೆ.

ಈಗ ಇಬ್ಬರ ಅರ್ಧ ಸತ್ಯವೂ ನಮ್ಮ ಮುಂದಿದೆ. ಗಿರಾಕಿ ದಿನಾ ಬರುತ್ತಾನೆ, ಆದರೆ ಅವನಿಗೆ ಒಳಗೆ ಕಾಣುವುದಿಲ್ಲ. ಅಧಿಕಾರಿಗೆ ಒಳಗೆ ಹೋಗುವ ಹಕ್ಕಿದೆ, ಆದರೆ ಅವನು ದಿನಾ ಬರುವುದಿಲ್ಲ. ಇಬ್ಬರನ್ನೂ ಜೋಡಿಸಿದರೆ? ಅಧಿಕಾರಿ ಕಂಡದ್ದನ್ನು ಗಿರಾಕಿಗೆ ತೋರಿಸಿದರೆ? ಇದನ್ನು ಮಾಡಿ ನೋಡಿದ ಊರುಗಳಿವೆ.

1997ರ ನವೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಒಂದು ಟಿ.ವಿ. ವಾಹಿನಿ ಗುಪ್ತ ಕ್ಯಾಮೆರಾ ಹಿಡಿದು ಹೋಟೆಲುಗಳ ಅಡುಗೆಮನೆಗೆ ನುಗ್ಗಿತು. ಕಂಡದ್ದನ್ನು ಮೂರು ಕಂತುಗಳಲ್ಲಿ ತೋರಿಸಿತು. ಜನ ಸಿಟ್ಟಾದರು. ಕೆಲವೇ ವಾರಗಳಲ್ಲಿ ಅಲ್ಲಿನ ಆಡಳಿತ ಹೊಸ ನಿಯಮ ತಂದಿತು. 1998ರ ಆರಂಭದಿಂದ ಪ್ರತಿ ಹೋಟೆಲಿನ ಬಾಗಿಲಲ್ಲಿ ಒಂದು ಅಕ್ಷರ ಅಂಟಿಸಬೇಕು. ನೂರಕ್ಕೆ 90 ಮತ್ತು ಅದಕ್ಕೂ ಹೆಚ್ಚು ಅಂಕ ಬಂದರೆ ಎ. 80ರ ಮೇಲೆ ಬಿ. 70ರ ಮೇಲೆ ಸಿ. ಅದಕ್ಕೂ ಕೆಳಗಾದರೆ ಅಂಕವನ್ನೇ ಬರೆದು ಹಾಕಬೇಕು.

ಇಲ್ಲಿ ಹೊಸದೇನು? ಅಧಿಕಾರಿಗಳು ಮೊದಲೂ ಬರುತ್ತಿದ್ದರು. ಅಂಕ ಮೊದಲೂ ಕೊಡುತ್ತಿದ್ದರು. ಅದು ಕಚೇರಿಯ ಫೈಲಿನಲ್ಲಿ ಮಲಗಿರುತ್ತಿತ್ತು. ಈಗ ಬಾಗಿಲಿಗೆ ಬಂತು, ಅಷ್ಟೇ. ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಭ್ಯಾಸ ಮಾಡಿ 2003ರಲ್ಲಿ ಪ್ರಕಟಿಸಿದರು. ಅಂಕಗಳು ಮೇಲೇರಿದ್ದವು. ಎ ಬಂದ ಹೋಟೆಲುಗಳ ವ್ಯಾಪಾರ ನೂರಕ್ಕೆ ಐದಾರರಷ್ಟು ಹೆಚ್ಚಿತ್ತು. ಅಲ್ಲಿ ಚೊಕ್ಕಟವಾಗಿರುವುದಕ್ಕೆ ದುಡ್ಡು ಹುಟ್ಟಿತ್ತು. ಆಹಾರದಿಂದ ಬರುವ ಕಾಯಿಲೆಗೆ ಆಸ್ಪತ್ರೆ ಸೇರುವವರು ನೂರಕ್ಕೆ 20ರಷ್ಟು ಕಡಿಮೆಯಾದರು ಎಂದೂ ಅವರು ಲೆಕ್ಕ ಹಾಕಿದರು.

ಈ ಕೊನೆಯ ಮಾತನ್ನು ಪೂರ್ತಿ ನಂಬಬೇಡಿ. 2019ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ತೆಗೆದರು. ಬಾಗಿಲಿಗೆ ಅಕ್ಷರದ ಕಾರ್ಡು ಬರುವ ಮುನ್ನ ಆ ಸೀಮೆಯಲ್ಲಿ ಸಾಲ್ಮೊನೆಲ್ಲಾ ಹಾವಳಿ ಎದ್ದಿತ್ತು. ಅದು ತಾನಾಗಿ ಇಳಿದದ್ದು ಕಾರ್ಡಿನ ಖಾತೆಗೆ ಜಮೆಯಾಗಿತ್ತು ಎಂದು ತೋರಿಸಿದರು. ಅಂದರೆ ಬಾಗಿಲಿನ ಅಕ್ಷರ ಮಂತ್ರವಲ್ಲ. ಹೋಟೆಲಿನವರ ನಡತೆ ಬದಲಾಯಿಸಲು ಅದು ಕಾರಣವಾಗಬಲ್ಲದು. ಎಷ್ಟು ಕಾಯಿಲೆ ತಪ್ಪಿತು ಎಂಬ ದೊಡ್ಡ ಮಾತು ಆಡುವ ಮುನ್ನ ನಿಲ್ಲಬೇಕು.

ಇನ್ನೊಂದು ಎಚ್ಚರಿಕೆ ನ್ಯೂಯಾರ್ಕಿನಿಂದ ಬರುತ್ತದೆ. ಅಲ್ಲಿ 2010ರಲ್ಲಿ ಅಕ್ಷರ ಪದ್ಧತಿ ಬಂತು. ಅಲ್ಲಿ ತಪ್ಪಿಗೆ ಅಂಕ. 13ರವರೆಗೆ ತಪ್ಪಂಕ ಬಂದರೆ ಎ, 14 ಆದರೆ ಬಿ. ಅಂಕಪಟ್ಟಿ ತೆಗೆದು ನೋಡಿದರೆ 13ರ ಆಸುಪಾಸಿನಲ್ಲಿ ಹೋಟೆಲುಗಳ ದೊಡ್ಡ ಗುಂಪು, 14ರಲ್ಲಿ ಕೆಲವೇ ಕೆಲವು. ಒಂದು ಅಂಕಕ್ಕೆ ವ್ಯಾಪಾರ ಕೆಡುತ್ತದೆ ಎಂದಾಗ ಅಧಿಕಾರಿಯ ಪೆನ್ನು ಸ್ವಲ್ಪ ಮೆತ್ತಗಾಗುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗುವಷ್ಟೇ ಅಂಕ ಎಷ್ಟು ಜನಕ್ಕೆ ಬರುತ್ತದೆ ಎಂದು ನಿಮಗೆ ಗೊತ್ತಲ್ಲ.

ಮತ್ತೆ ವೇಲ್ಸ್. ಮಗು ಸತ್ತ ಆ ನಾಡು ಪಾಠ ಕಲಿಯಿತು. ಅಲ್ಲೂ ಇಂಗ್ಲೆಂಡಿನಲ್ಲೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಇದೆ. 2013ರ ನವೆಂಬರಿನಿಂದ ವೇಲ್ಸ್‌ನಲ್ಲಿ ಅದನ್ನು ಬಾಗಿಲಿಗೆ ಅಂಟಿಸುವುದು ಕಡ್ಡಾಯ. ಪಕ್ಕದ ಇಂಗ್ಲೆಂಡಿನಲ್ಲಿ ಅದು ಮಾಲೀಕರ ಇಷ್ಟ. ಪರಿಣಾಮ ನೀವೇ ಊಹಿಸಬಹುದು. ವೇಲ್ಸ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೋಟೆಲುಗಳ ಬಾಗಿಲಲ್ಲಿ ಅಂಕ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಐದು ಬಂದವರು ಹೆಮ್ಮೆಯಿಂದ ಅಂಟಿಸುತ್ತಾರೆ, ಎರಡು ಬಂದವರು ಡ್ರಾಯರಿಗೆ ಹಾಕುತ್ತಾರೆ. ಯಾರ ಅಂಕ ನಮಗೆ ಹೆಚ್ಚು ಬೇಕೋ ಅವರದೇ ಕಾಣುವುದಿಲ್ಲ.

ಈ ಊರುಗಳಿಂದ ಮೂರು ಮಾತು ಕಲಿತೆವು. ಕಂಡದ್ದನ್ನು ಬಾಗಿಲಿಗೆ ತರಬೇಕು. ತರುವುದು ಕಡ್ಡಾಯ ಇರಬೇಕು. ಅಂಕ ಕೊಡುವ ಕೈಯ ಮೇಲೂ ಒಂದು ಕಣ್ಣಿರಬೇಕು. ಇನ್ನು ನಮ್ಮ ಮನೆಗೆ ಬರೋಣ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1954ರಲ್ಲಿ ಕಲಬೆರಕೆ ತಡೆ ಕಾಯಿದೆ ಬಂತು. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು, 2011ರಿಂದ ಜಾರಿಯಾಯಿತು. ಹೋಟೆಲಿಗೆ ಲೈಸೆನ್ಸು ಬೇಕು, ಸಣ್ಣ ಅಂಗಡಿಗೆ ನೋಂದಣಿ ಬೇಕು. ಕೊಳಕಿನಲ್ಲಿ ಆಹಾರ ತಯಾರಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. 2022ರಿಂದ ಬಿಲ್ಲಿನ ಮೇಲೆ 14 ಅಂಕಿಗಳ ಲೈಸೆನ್ಸ್ ಸಂಖ್ಯೆ ಇರಬೇಕು.

ಆದರೆ ಲೈಸೆನ್ಸು ಏನು ಹೇಳುತ್ತದೆ? ಈ ಹೋಟೆಲಿಗೆ ಅಪ್ಪಣೆ ಇದೆ ಎನ್ನುತ್ತದೆ. ಹೋದ ತಿಂಗಳು ಅಡುಗೆಮನೆ ಹೇಗಿತ್ತು ಎನ್ನುವುದಿಲ್ಲ. ಶುಚಿತ್ವಕ್ಕೆ ದರ್ಜೆ ಕೊಡುವ ಯೋಜನೆ ನಮ್ಮ ದೇಶದಲ್ಲೂ ಇದೆ. ಅದು ಮಾಲೀಕರ ಇಷ್ಟಕ್ಕೆ ಬಿಟ್ಟದ್ದು. ಇಂಗ್ಲೆಂಡಿನ ಕಥೆಯೇ ಇಲ್ಲೂ.

ನಮ್ಮ ಸರ್ಕಾರ ಒಮ್ಮೊಮ್ಮೆ ಎದ್ದು ಕೂರುತ್ತದೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ ಸರದಿ. ಸುಮಾರು 170 ಮಾದರಿ ತೆಗೆದು ಪರೀಕ್ಷಿಸಿದರೆ 100ಕ್ಕೂ ಹೆಚ್ಚಿನವುಗಳಲ್ಲಿ ಹಾಕಬಾರದ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ಬಣ್ಣ. ಜೂನ್ ತಿಂಗಳಲ್ಲಿ ಕಬಾಬು. ಮರುವರ್ಷ ಇಡ್ಲಿ. ಪ್ರತಿ ಸಲ ಪತ್ರಿಕೆಯಲ್ಲಿ ದೊಡ್ಡ ಸುದ್ದಿ, ಎರಡು ವಾರ ಗೋಬಿ ಗಾಡಿಗಳು ಖಾಲಿ. ಆಮೇಲೆ ಎಲ್ಲ ಮೊದಲಿನಂತೆ. ಇದರಲ್ಲಿ ಒಂದು ಅನ್ಯಾಯವಿದೆ. ಬಣ್ಣ ಹಾಕದ ಗಾಡಿಯವನಿಗೂ ಗಿರಾಕಿ ಬರುವುದಿಲ್ಲ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಜನಕ್ಕೆ ಗೊತ್ತಿಲ್ಲವಲ್ಲ. ಪರೀಕ್ಷೆಯ ಫಲ ಆಯಾ ಗಾಡಿಯ ಮೇಲೇ ಬರೆದಿದ್ದರೆ ಒಳ್ಳೆಯವನು ಉಳಿಯುತ್ತಿದ್ದ.

ಗಾಡಿಯ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಬೀದಿ ಬದಿಯಲ್ಲಿ ಪಾನಿಪೂರಿ ಮಾರುವವರನ್ನು ನೋಡಿದ್ದೀರಿ. ಒಂದು ಬಕೆಟ್ಟು ನೀರು. ಬೆಳಗಿನಿಂದ ಸಂಜೆಯವರೆಗೆ ಎಲ್ಲ ತಟ್ಟೆಯೂ ಅದರಲ್ಲೇ ಮುಳುಗಿ ಏಳಬೇಕು. ಅವರಿಗೆ ಕೊಳಕು ಇಷ್ಟ ಎಂದಲ್ಲ. ನಲ್ಲಿ ಅರ್ಧ ಕಿಲೋಮೀಟರು ದೂರ. ಮುಸುರೆ ಚೆಲ್ಲಲು ಮೋರಿ ಇಲ್ಲ. ಅವರಿಗೆ ಸಿ ಎಂದು ಬರೆದ ಚೀಟಿ ಅಂಟಿಸಿ ಬಂದರೆ ಏನು ಸಾಧಿಸಿದಂತಾಯಿತು? ಅಲ್ಲಿ ಸರ್ಕಾರದ ಮೊದಲ ಕೆಲಸ ದಂಡವಲ್ಲ, ನೀರು. ನಲ್ಲಿ ಕೊಟ್ಟು, ಚರಂಡಿ ಕೊಟ್ಟು, ಆಮೇಲೆ ಅಂಕ ಕೊಡಲಿ. ಮಾರುಕಟ್ಟೆ ತಾನಾಗಿ ಫುಟ್‌ಪಾತಿಗೆ ನಲ್ಲಿ ಹಾಕಿಕೊಡುವುದಿಲ್ಲ.

ಕೇಳುಗರೇ, ಮಾತು ಮುಗಿಸುವ ಹೊತ್ತಾಯಿತು. ನನ್ನ ನಿಲುವನ್ನು ಒಟ್ಟಾಗಿ ಹೇಳುತ್ತೇನೆ. ತಿಂಡಿಯ ಬೆಲೆ, ರುಚಿ, ಪ್ರಮಾಣ, ಇವು ಗಿರಾಕಿಗೆ ಕಾಣುವಂಥವು. ಅವುಗಳಲ್ಲಿ ಸರ್ಕಾರ ತಲೆ ಹಾಕುವುದು ಬೇಡ. ಅಡುಗೆಮನೆಯ ನೀರು, ಪಾತ್ರೆ, ಎಣ್ಣೆ, ಕೆಲಸಗಾರರ ಆರೋಗ್ಯ, ಇವು ಕಾಣದಂಥವು. ಅಲ್ಲಿಗೆ ಸರ್ಕಾರ ಹೋಗಲೇಬೇಕು. ಹೇಳದೇ ಹೋಗಬೇಕು. ಹೋದ ದಿನಾಂಕವನ್ನೂ ಕಂಡ ಸ್ಥಿತಿಯನ್ನೂ ಬಾಗಿಲಿನಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಬರಬೇಕು. ಆಮೇಲಿನ ಕೆಲಸ ಗಿರಾಕಿಯದು. ಅವನು ಓದಿ ಒಳಗೆ ಹೋಗಲಿ, ಇಲ್ಲವೇ ಮುಂದೆ ಹೋಗಲಿ. ಹೀಗೆ ಮಾಡಿದರೆ ಕವರು ತೆಗೆದುಕೊಂಡು ಒಳ್ಳೆಯ ಅಂಕ ಕೊಟ್ಟವರ ಹೆಸರೂ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ.

ಇದು ಕಾನೂನಾಗುವವರೆಗೆ ನೀವು ಸುಮ್ಮನೆ ಕಾಯಬೇಕಾಗಿಲ್ಲ. 2006ರ ಕಾಯಿದೆಯ 40ನೇ ಸೆಕ್ಷನ್ ನಿಮಗೆ ಒಂದು ಹಕ್ಕು ಕೊಟ್ಟಿದೆ. ಕೊಂಡ ಆಹಾರದ ಮೇಲೆ ಅನುಮಾನ ಬಂದರೆ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವುದಾಗಿ ಮಾರುವವರಿಗೆ ಕೊಳ್ಳುವಾಗಲೇ ತಿಳಿಸಬೇಕು. ಆಹಾರ ಕೆಟ್ಟದ್ದು ಎಂದು ವರದಿ ಬಂದರೆ ಕಟ್ಟಿದ ಶುಲ್ಕ ನಿಮಗೆ ವಾಪಸು ಬರುತ್ತದೆ. ಇಷ್ಟೆಲ್ಲ ಓಡಾಟ ಆಗದು ಎನ್ನುವವರು ಗಲ್ಲಾದಲ್ಲಿ ದುಡ್ಡು ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿ: ನಿಮ್ಮಲ್ಲಿ ಕೊನೆಯ ತಪಾಸಣೆ ಯಾವಾಗ ಆಯಿತು, ವರದಿ ಏನು ಬಂತು? ಒಬ್ಬರು ಕೇಳಿದರೆ ಮಾಲೀಕರು ನಗುತ್ತಾರೆ. ದಿನಕ್ಕೆ ಹತ್ತು ಜನ ಕೇಳಿದರೆ ವರದಿಯನ್ನು ತಾವೇ ತಂದು ಗೋಡೆಗೆ ತೂಗುಹಾಕುತ್ತಾರೆ.